ನಕ್ಷತ್ರ ಕಟ್ಟದ ಮನೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರೊಳಗೆ ಕೆಂಪು ಕಾಗದದ ದೊಡ್ಡ ನಕ್ಷತ್ರ, ಎರಡು ದೀಪದ ಸರ, ಗೋದಲಿಯ ಗೊಂಬೆಗಳು. ಗೊಂಬೆಗಳಲ್ಲಿ ಒಂದು ಕುರಿಗೆ ಕಾಲಿಲ್ಲ, ಅದನ್ನು ಯಾವಾಗಲೂ ಹುಲ್ಲಿನ ಮೇಲೆ ಮಲಗಿಸಿ ಇಡುತ್ತೇವೆ. ಪ್ರತಿ ವರ್ಷ ಡಿಸೆಂಬರ್ ಒಂದನೇ ತಾರೀಕು ಪೆಟ್ಟಿಗೆ ಕೆಳಗಿಳಿಯುತ್ತದೆ, ಸಂಜೆಯೊಳಗೆ ಬಾಲ್ಕನಿಯಲ್ಲಿ ನಕ್ಷತ್ರ ಹತ್ತುತ್ತದೆ. ಈ ವರ್ಷ ತಿಂಗಳ ಎರಡನೇ ವಾರ ಮುಗಿಯುತ್ತ ಬಂದರೂ ಪೆಟ್ಟಿಗೆ ಅಟ್ಟದ ಮೇಲೇ ಇತ್ತು. ಎರಡನೇ ಕ್ಲಾಸಿನಲ್ಲಿರುವ ಮಗಳು ದಿನಾ ಕೇಳುತ್ತಿದ್ದಳು. ನಾನು ದಿನಾ "ನಾಳೆ" ಅನ್ನುತ್ತಿದ್ದೆ. ಒಂದು ದಿನ ಅವಳು ಪ್ರಶ್ನೆಯನ್ನೇ ಬದಲಾಯಿಸಿದಳು. "ಮಮ್ಮಿ, ಈ ವರ್ಷ ನಮಗ ಕ್ರಿಸ್‌ಮಸ್ ಇಲ್ಲೇನು?"

ಓದುಗರಿಗೆ ಒಂದು ತಪ್ಪೊಪ್ಪಿಗೆ ಹೇಳಬೇಕು. ಹೋದ ಎರಡು ತಿಂಗಳು ಈ ಅಂಕಣ ಬರಲಿಲ್ಲ. ಸಂಪಾದಕರಿಗೆ "ಕೆಲಸದ ಒತ್ತಡ" ಎಂದು ಬರೆದಿದ್ದೆ. ಅದರಲ್ಲಿ ಅರ್ಧ ಮಾತ್ರ ನಿಜ. ಒತ್ತಡ ಇತ್ತು, ಕೆಲಸ ಇರಲಿಲ್ಲ.

ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್ ಇದೆ ಎಂದು ಇನ್ವೈಟ್ ಬಂತು. ವಿಷಯ ಏನೆಂದು ಬರೆದಿರಲಿಲ್ಲ. ಕರೆಯಲ್ಲಿ ನಮ್ಮ ಮ್ಯಾನೇಜರ್ ಜೊತೆಗೆ ಎಚ್‌ಆರ್‌ನವರೂ ಇದ್ದರು. ಅವರನ್ನು ನೋಡಿದ ಕೂಡಲೇ ಅರ್ಥವಾಯಿತು. ಹನ್ನೆರಡು ವರ್ಷದ ನೌಕರಿ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಉಳಿದ ನಾಲ್ಕು ನಿಮಿಷ ಲ್ಯಾಪ್‌ಟಾಪ್ ಹೇಗೆ ವಾಪಸ್ ಕಳಿಸಬೇಕು ಎಂಬ ವಿವರ. ಅವರು ಕೆಟ್ಟದಾಗಿ ಮಾತಾಡಲಿಲ್ಲ, ಮೂರು ತಿಂಗಳ ಸಂಬಳವನ್ನೂ ಕೊಟ್ಟರು. ಯಜಮಾನರ ಸಂಬಳ ಇದೆ, ಉಪವಾಸ ಬೀಳುವ ಸ್ಥಿತಿ ನಮ್ಮದಲ್ಲ. ಆದರೂ ಮನೆಯ ಸಾಲದ ಇಎಂಐ ಎರಡು ಸಂಬಳ ನೋಡಿ ಕಟ್ಟಿಕೊಂಡದ್ದು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಒಂಬತ್ತಕ್ಕೆ ಮಗಳು ಸ್ಕೂಲಿಗೆ, ಅವರು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಒಂದು ಮೌನ ಬರುತ್ತದಲ್ಲ, ಅದಕ್ಕೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಯಾರಿಗೂ ಹೇಳಲಿಲ್ಲ. ಬೆಟಗೇರಿಯಲ್ಲಿರುವ ಅವ್ವನಿಗೂ ಹೇಳಲಿಲ್ಲ. ಇಲ್ಲಿ ಪುಣೆಯ ನಮ್ಮ ಕನ್ನಡ ಸಭೆಯಲ್ಲೂ ಹೇಳಲಿಲ್ಲ. ನವೆಂಬರಿನಲ್ಲಿ ಎರಡು ಭಾನುವಾರ ನೆಗಡಿ ಎಂದು ಹೇಳಿ ಆರಾಧನೆಯನ್ನೇ ತಪ್ಪಿಸಿದೆ.

ಕಷ್ಟದ ಕ್ರಿಸ್‌ಮಸ್ ನಮಗೆ ಹೊಸದೇನಲ್ಲ. 2020ರ ಡಿಸೆಂಬರ್ ನೆನಪಿದೆಯಲ್ಲ? ಮಹಾರಾಷ್ಟ್ರದ ಮಹಾನಗರಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಕರ್ಫ್ಯೂ. ನಡುರಾತ್ರಿಯ ಆರಾಧನೆ ಇಲ್ಲ, ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ ಇಲ್ಲ. ಫೋನಿನ ಪರದೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡಲು ಹೋಗಿ, ಒಬ್ಬರ ದನಿ ಮುಂದೆ ಒಬ್ಬರದು ಹಿಂದೆ ಆಗಿ, ಕೊನೆಗೆ ನಗು ತಡೆಯಲಾಗದೆ ನಿಲ್ಲಿಸಿದ್ದೆವು. ಆ ವರ್ಷ ಹಬ್ಬ ಮಾಡುವುದು ಈ ವರ್ಷಕ್ಕಿಂತ ಸುಲಭವಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಕಷ್ಟ ಎಲ್ಲರದಾಗಿತ್ತು, ಯಾರಿಗೂ ನಾಚಿಕೆ ಇರಲಿಲ್ಲ. ಊರೆಲ್ಲ ಬೆಳಗುತ್ತಿರುವಾಗ ನಿಮ್ಮ ಮನೆಯೊಂದರಲ್ಲೇ ಕತ್ತಲೆ ಇದೆ ಅನ್ನಿಸಿದಾಗ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸುತ್ತದೆ.

ಅಂಥ ಮನಸ್ಸಿನಲ್ಲಿ ಆಗಮನ ಕಾಲದ ಮೂರನೇ ಭಾನುವಾರ ಸಭೆಗೆ ಹೋದೆ. ಮಗಳಿಗೆ ಸಂಡೇ ಸ್ಕೂಲಿನ ನಾಟಕದ ತಾಲೀಮು ಇತ್ತು, ಅದಕ್ಕೇ ಹೋದದ್ದು. ಅವಳದು ಕುರುಬನ ಪಾತ್ರ.

ಈ ಅಂಕಣದ ಬಹುಪಾಲು ಓದುಗರಿಗೆ ಆಗಮನ ಕಾಲ ಎಂದರೇನು ಎಂದು ಹೇಳಬೇಕಾಗುತ್ತದೆ. ("ಕ್ರಿಶ್ಚಿಯನ್ನರಾ? ಹಾಗಾದರೆ ಗೋವಾದವರಾ? ಮನೇಲಿ ಕನ್ನಡ ಮಾತಾಡ್ತೀರಾ?" ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷದಿಂದ ಉತ್ತರ ಕೊಡುತ್ತ ಬಂದಿದ್ದೇನೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ನಮ್ಮ ಬೆಟಗೇರಿಗೆ. ಕಿಟೆಲ್ ಅವರ ನಿಘಂಟು ಬಂದ ಮನೆಯಿಂದಲೇ ನಮ್ಮ ಪ್ರಾರ್ಥನೆಯ ಕನ್ನಡವೂ ಬಂದದ್ದು. ನಾವು ಅಳುವುದೂ ಹಾಡುವುದೂ ಕನ್ನಡದಲ್ಲೇ.) ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿಂದ ಕೂಡಿದ್ದು ಆಗಮನ ಕಾಲ, ಅಂದರೆ ಕಾಯುವ ಕಾಲ. ಹಸಿರೆಲೆಯ ಒಂದು ಚಕ್ರದ ಮೇಲೆ ನಾಲ್ಕು ಮೇಣದ ಬತ್ತಿ ಇಟ್ಟು ವಾರಕ್ಕೊಂದರಂತೆ ಹಚ್ಚುತ್ತ ಹೋಗುತ್ತಾರೆ.

ಆ ಚಕ್ರದ ಕಥೆ ನನಗೆ ಇಷ್ಟ. 1830ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ದೇವಶಾಸ್ತ್ರಜ್ಞರು ಬಡ ಮಕ್ಕಳಿಗಾಗಿ ಒಂದು ಆಶ್ರಯಧಾಮ ನಡೆಸುತ್ತಿದ್ದರು. ಕ್ರಿಸ್‌ಮಸ್ಸಿಗೆ ಇನ್ನೆಷ್ಟು ದಿನ, ಇನ್ನೆಷ್ಟು ದಿನ ಎಂದು ಆ ಮಕ್ಕಳು ಕೇಳುತ್ತಲೇ ಇರುತ್ತಿದ್ದರಂತೆ. 1839ರಲ್ಲಿ ವಿಖರ್ನ್ ಒಂದು ಹಳೆಯ ಗಾಡಿಯ ಚಕ್ರ ತಂದು ಅದರ ಮೇಲೆ ವಾರದ ದಿನಗಳಿಗೆ ಸಣ್ಣ ಬತ್ತಿ, ಭಾನುವಾರಗಳಿಗೆ ದೊಡ್ಡ ಬತ್ತಿ ನಿಲ್ಲಿಸಿದರು. ದಿನಕ್ಕೊಂದು ಹಚ್ಚಿದರೆ ಮಕ್ಕಳು ತಾವೇ ಎಣಿಸಿಕೊಳ್ಳಬಹುದಲ್ಲ! ಇವತ್ತು ಮಾಲ್‌ಗಳಲ್ಲೂ ಅಲಂಕಾರಕ್ಕೆ ಇಡುವ ಈ ಚಕ್ರ ಹುಟ್ಟಿದ್ದು ಕೈಯಲ್ಲಿ ಏನೂ ಇಲ್ಲದೆ ಕಾಯುತ್ತಿದ್ದ ಮಕ್ಕಳಿಗಾಗಿ.

ನಾಲ್ಕು ಬತ್ತಿಗಳಲ್ಲಿ ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು ಇಡುವ ರೂಢಿ ಅನೇಕ ಸಭೆಗಳಲ್ಲಿದೆ. ಗುಲಾಬಿಯದನ್ನು ಮೂರನೇ ವಾರ ಹಚ್ಚುತ್ತಾರೆ. ಆ ಭಾನುವಾರದ ವಿಷಯವೇ ಸಂತೋಷ. ಅದಕ್ಕೆ ಆಧಾರ ಸಂತ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರ. ನಾಲ್ಕೇ ಅಧ್ಯಾಯದ ಆ ಪತ್ರದಲ್ಲಿ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ.

ನಿಜ ಹೇಳುತ್ತೇನೆ, ಅವತ್ತು ಅಯ್ಯನವರು ಸಂತೋಷ ಎಂಬ ಪದ ಹೇಳಿದಾಗ ನನಗೆ ಸಿಟ್ಟು ಬಂತು. ಸಂಬಳ ಬರುವವರು ಸಂತೋಷದ ಬಗ್ಗೆ ಮಾತಾಡುವುದು ಸುಲಭ ಅಂದುಕೊಂಡೆ. ಆಮೇಲೆ ಅವರು, ಈ ಪತ್ರ ಬರೆಯುವಾಗ ಪೌಲ ಸೆರೆಯಲ್ಲಿದ್ದ, ಬಿಡುತ್ತಾರೋ ಕೊಲ್ಲುತ್ತಾರೋ ಅವನಿಗೇ ಗೊತ್ತಿರಲಿಲ್ಲ ಎಂದರು. ಚಿಕ್ಕಂದಿನಿಂದ ಆ ಪತ್ರ ಓದಿದ್ದೇನೆ, ಸೆರೆಮನೆಯಿಂದ ಬರೆದದ್ದು ಎಂದು ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೇನೆ. ಆದರೆ ಅವತ್ತು ಮೊದಲ ಸಲ ಅದು ಕಿವಿಗೆ ಬಿತ್ತು.

ಮನೆಗೆ ಬಂದು ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದೆ. ಬಾಯಿಪಾಠ ಬರುವ ಕಥೆ. ಕಥೆ ಗೊತ್ತಿದೆ ಎಂಬ ಕಾರಣಕ್ಕೇ ಎಷ್ಟೋ ವರ್ಷದಿಂದ ಅದನ್ನು ಓದಿರಲಿಲ್ಲ.

ಪರಊರಿನಲ್ಲಿರುವ ನಮ್ಮಂಥವರು ಒಮ್ಮೆ ಓದಿ ನೋಡಬೇಕು. ಕಥೆ ಶುರುವಾಗುವುದು ಸರ್ಕಾರಿ ಆದೇಶದಿಂದ. ಚಕ್ರವರ್ತಿ ಔಗುಸ್ತ ಜನಗಣತಿ ಮಾಡಿಸುತ್ತಾನೆ, ಪ್ರತಿಯೊಬ್ಬರೂ ತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು. ಕೆಲಸ ಒಂದೂರಲ್ಲಿ, ದಾಖಲೆ ಇನ್ನೊಂದೂರಲ್ಲಿ! ಒಂದು ಸಹಿಗಾಗಿ ರಜೆ ಹಾಕಿ ಊರಿಗೆ ಓಡಿದವರಿಗೆ ಯೋಸೇಫನ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ನಜರೇತಿನಿಂದ ಬೆತ್ಲೆಹೇಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಜೊತೆಗೆ ತುಂಬು ಗರ್ಭಿಣಿ. ಹೋಗಿ ಸೇರಿದರೆ ತನ್ನ ವಂಶದ ಊರಿನಲ್ಲೇ ಇಳಿದುಕೊಳ್ಳಲು ಜಾಗವಿಲ್ಲ. ಮಗು ಹುಟ್ಟಿತು, ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದರು.

ಸುದ್ದಿ ಮೊದಲು ತಲುಪಿದ್ದು ಯಾರಿಗೆ? ರಾತ್ರಿ ಪಾಳಿಯವರಿಗೆ. ಊರೆಲ್ಲ ಮಲಗಿದಾಗ ಹೊಲದಲ್ಲಿ ಕುರಿ ಕಾಯುತ್ತಿದ್ದ ಕುರುಬರಿಗೆ. ಮಹಾ ಸಂತೋಷದ ಸುದ್ದಿ ತಂದಿದ್ದೇನೆ ಎಂದು ದೂತನು ಹೇಳುವ ಮೊದಲು ಹೆದರಬೇಡಿ ಎನ್ನುತ್ತಾನೆ. ನಾನೂ ಆರು ವರ್ಷ ಸಪೋರ್ಟ್ ಟೀಮಿನಲ್ಲಿ ರಾತ್ರಿ ಪಾಳಿ ಮಾಡಿದವಳು. ನಡುರಾತ್ರಿ ಫೋನ್ ಬಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂದು ನಮಗೆ ಗೊತ್ತು. ಮೊದಲು ಎದೆ ಧಸಕ್ಕೆನ್ನುತ್ತದೆ. ಆ ಕುರುಬರಿಗೆ ಮೊದಲು ಹೆದರಬೇಡಿ ಎಂದೇ ಹೇಳಬೇಕಾಗಿತ್ತು.

ಇನ್ನೂ ಒಂದನ್ನು ಈ ಸಲ ಗಮನಿಸಿದೆ. ಆ ರಾತ್ರಿಯ ನಂತರ ಯಾರ ಕಷ್ಟವೂ ತೀರಲಿಲ್ಲ. ಔಗುಸ್ತ ಸಿಂಹಾಸನದಲ್ಲೇ ಇದ್ದ. ಕುರುಬರು ಮಗುವನ್ನು ನೋಡಿ ಮತ್ತೆ ಕುರಿಗಳ ಹತ್ತಿರವೇ ಹೋದರು, ಅವರಿಗೆ ಬೇರೆ ಉದ್ಯೋಗ ಸಿಗಲಿಲ್ಲ. ಮತ್ತಾಯನ ಸುವಾರ್ತೆ ಓದಿದರೆ ಮುಂದಿನದು ಇನ್ನೂ ಕಠಿಣ. ಹೆರೋದ ರಾಜ ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸುತ್ತಾನೆ, ಮೂವರ ಈ ಸಂಸಾರ ರಾತ್ರೋರಾತ್ರಿ ಐಗುಪ್ತಕ್ಕೆ ಓಡಿಹೋಗುತ್ತದೆ. ಗ್ರೀಟಿಂಗ್ ಕಾರ್ಡುಗಳಲ್ಲಿ ಈ ಭಾಗ ಇರುವುದಿಲ್ಲ. ಸುವಾರ್ತೆ ಬರೆದವರು ಅದನ್ನು ಬಿಡಲಿಲ್ಲ. ಹಾಗಾದರೆ ದೂತ ಹೇಳಿದ ಆ ಸಂತೋಷ ಯಾವುದು? ಕಷ್ಟ ಇದ್ದ ಹಾಗೇ ಇರುವಾಗ, ಅದರೊಳಗೆ ದೇವರೇ ಬಂದು ಜೊತೆಗೆ ಕೂತ ಎಂಬುದು. ಇಮ್ಮಾನುವೇಲ ಎಂಬ ಹೆಸರಿನ ಅರ್ಥವೂ ಅದೇ, ದೇವರು ನಮ್ಮ ಸಂಗಡ ಇದ್ದಾನೆ.

ಇದನ್ನು ಮಾತಿಗೆ ಹೇಳದೆ ಬದುಕಿ ತೋರಿಸಿದವರಲ್ಲಿ ಜರ್ಮನಿಯ ಪಾದ್ರಿ ಡೀಟ್ರಿಖ್ ಬೊನ್‌ಹೋಫರ್ ಒಬ್ಬರು. ಹಿಟ್ಲರನನ್ನು ವಿರೋಧಿಸಿದ್ದಕ್ಕೆ 1943ರ ಏಪ್ರಿಲಿನಲ್ಲಿ ಬಂಧನವಾಯಿತು. ಆ ವರ್ಷದ ಕ್ರಿಸ್‌ಮಸ್ ಬರ್ಲಿನಿನ ಟೇಗೆಲ್ ಸೆರೆಮನೆಯಲ್ಲಿ. ಡಿಸೆಂಬರಿನಲ್ಲಿ ತಂದೆತಾಯಿಗೆ ಬರೆದ ಪತ್ರದಲ್ಲಿ ಅವರು ತಮ್ಮ ಬಗ್ಗೆ ಮರುಗಬೇಡಿ ಎನ್ನುತ್ತಾರೆ. ಇಳಿದುಕೊಳ್ಳಲು ಜಾಗ ಸಿಗದೆ ಕ್ರಿಸ್ತ ಹುಟ್ಟಿದ ಕಥೆ ಹೊರಗಿರುವವರಿಗಿಂತ ಕೈದಿಗೆ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಅವರ ಮಾತಿನ ಸಾರ. ಗೆಳೆಯನಿಗೆ ಬರೆದ ಇನ್ನೊಂದು ಪತ್ರದಲ್ಲಿ ಆಗಮನ ಕಾಲವನ್ನು ಸೆರೆಮನೆಯ ಕೋಣೆಗೆ ಹೋಲಿಸುತ್ತಾರೆ, ಅದರ ಬಾಗಿಲು ಹೊರಗಿನಿಂದ ಮಾತ್ರ ತೆರೆಯಲು ಬರುತ್ತದೆ. ಸಹಕೈದಿಗಳಿಗಾಗಿ ಅವರು ಆ ಕ್ರಿಸ್‌ಮಸ್ಸಿಗೆ ಪ್ರಾರ್ಥನೆಗಳನ್ನು ಬರೆದುಕೊಟ್ಟರು. 1945ರ ಏಪ್ರಿಲ್ 9ರಂದು, ಯುದ್ಧ ಮುಗಿಯಲು ಒಂದು ತಿಂಗಳಿರುವಾಗ, ಅವರನ್ನು ಗಲ್ಲಿಗೆ ಹಾಕಿದರು.

ನನ್ನ ಕಷ್ಟವನ್ನು ಅವರ ಕಷ್ಟದ ಪಕ್ಕ ಇಟ್ಟು ತೂಗುವುದಿಲ್ಲ. ಆದರೆ ಬಾಗಿಲಿನ ಮಾತು ನನಗೆ ತಾಗಿತು. ನನ್ನ ಬಾಗಿಲಿಗೆ ಚಿಲಕ ಹಾಕಿಕೊಂಡವಳು ನಾನೇ.

ಅದನ್ನು ಹೊರಗಿನಿಂದ ತಟ್ಟಿದವರು ನಮ್ಮ ಸಭೆಯ ಒಬ್ಬ ಆಂಟಿ. ಬೀದರ್ ಕಡೆಯವರು, ನರ್ಸ್ ಆಗಿದ್ದು ನಿವೃತ್ತರಾದವರು. ಕ್ಯಾರಲ್ ತಂಡ ಯಾವ ದಿನ ಯಾರ ಮನೆಗೆ ಎಂಬ ಪಟ್ಟಿ ಅವರ ಕೈಯಲ್ಲಿರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಹೆಸರು ಕೇಳಿದ್ದರು, ನಾನು ಕೊಟ್ಟಿರಲಿಲ್ಲ. ಬಂದವರಿಗೆ ತಿಂಡಿ, ಚಹಾ, ಕಾಣಿಕೆಯ ಲಕೋಟೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ನಗುಮುಖ, ಇಷ್ಟೂ ಬೇಕಲ್ಲ.

"ಪಟ್ಟಿಯಾಗ ನಿಮ್ಮ ಹೆಸರೇ ಇಲ್ಲಲ್ಲಾ?" ಎಂದು ಫೋನ್ ಮಾಡಿದರು.

"ಈ ವರ್ಷ ಬೇಡ ಆಂಟಿ."

"ಯಾಕ, ಯಾರಿಗರೆ ಆರಾಮಿಲ್ಲೇನು?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ, ಅಳು ಬಂತು. ಎಲ್ಲ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಎಲ್ಲ ಒಳ್ಳೆಯದಕ್ಕೇ, ದೇವರ ಚಿತ್ತ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ, ಇಂಥದ್ದೇನೋ ಬರುತ್ತದೆ ಎಂದು ಕಾದೆ. ಅವರು ಹೇಳಿದ್ದು ಇಷ್ಟೇ. "ಹಂಗಾದ್ರ ಶನಿವಾರ ಮೊದಲ ನಿಮ್ಮ ಮನಿಗೇ ಬರ್ತೀವಿ. ಚಹಾ ನಾವೇ ತರ್ತೀವಿ. ನಕ್ಷತ್ರ ಕಟ್ರಿ, ಹೊಸ ಹುಡುಗರಿಗೆ ಮನಿ ಗೊತ್ತಾಗಬೇಕಲ್ಲ."

ಶುಕ್ರವಾರ ರಾತ್ರಿ ಪೆಟ್ಟಿಗೆ ಇಳಿಯಿತು. ಮಗಳು ಕಾಲಿಲ್ಲದ ಕುರಿಯನ್ನು ತಾನೇ ಮಲಗಿಸಿದಳು.

ಶನಿವಾರ ಹದಿನೆಂಟು ಜನ ಬಂದರು. ಎರಡು ಬೆಡ್‌ರೂಮಿನ ಫ್ಲ್ಯಾಟು, ಚಪ್ಪಲಿಗಳು ಲಿಫ್ಟಿನ ಬಾಗಿಲ ತನಕ. ಆಂಟಿ ಎರಡು ದೊಡ್ಡ ಥರ್ಮಾಸ್ ಹಿಡಿದು ಬಂದಿದ್ದರು. ಗಿಟಾರಿನ ಹುಡುಗ ಶ್ರುತಿ ತಪ್ಪಿದ, ಹಿರಿಯರೊಬ್ಬರು ಹಳೆಯ ಗೀತೆಯನ್ನು ಹಳೆಯ ರಾಗದಲ್ಲೇ ಹಾಡಬೇಕೆಂದು ಹಟ ಹಿಡಿದರು. ಎದುರುಮನೆಯ ಮರಾಠಿ ಕಾಕು ಸದ್ದು ಕೇಳಿ ಬಾಗಿಲಲ್ಲಿ ನಿಂತರು, ಐದು ನಿಮಿಷ ಬಿಟ್ಟು ಒಂದು ಡಬ್ಬಿ ಚಿವಡಾ ತಂದರು. ಹಾಡಿನ ನಡುವೆ ನಾನು ಎಲ್ಲರೆದುರಿಗೇ ವಿಷಯ ಹೇಳಿದೆ. ಪ್ರಾರ್ಥನೆ ಮಾಡಿದರು.

ಹೊರಡುವಾಗ ಒಬ್ಬ ಹುಡುಗ ಹಿಂದೆ ಉಳಿದ. ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಮೈಕ್ ಜೋಡಿಸುವವನು. ಶೂ ಲೇಸು ಕಟ್ಟುತ್ತ, ತಲೆ ಎತ್ತದೆ ಹೇಳಿದ. "ಅಕ್ಕಾ, ನಂದು ಆಗಸ್ಟಿನಲ್ಲೇ ಹೋಯ್ತು. ಯಾರಿಗೂ ಹೇಳಿಲ್ಲ."

ನಾಲ್ಕು ತಿಂಗಳು! ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ನಿಂತು ನಾವಿಬ್ಬರೂ ಸಂತೋಷದ ಗೀತೆಗಳನ್ನು ಹಾಡಿದ್ದೇವೆ, ಇಬ್ಬರೂ ಸುಳ್ಳು ಮುಖ ಹಾಕಿಕೊಂಡು. ಆಮೇಲೆ ಒಂದು ಗಂಟೆ ಕೂತು ಇಬ್ಬರ ರೆಸ್ಯೂಮೆಗಳನ್ನೂ ತೆಗೆದು ನೋಡಿದೆವು. ಅವನದರಲ್ಲಿ ನಾನು ಮೂರು ತಪ್ಪು ಹುಡುಕಿದೆ, ನನ್ನದರಲ್ಲಿ ಅವನು ಐದು. ಅಕ್ಟೋಬರಿನ ನಂತರ ನಾನು ಹೊಟ್ಟೆ ತುಂಬ ನಕ್ಕದ್ದು ಅವತ್ತೇ.

ಮರುದಿನ ಅವ್ವನಿಗೆ ಫೋನ್ ಮಾಡಿ ಹೇಳಿದೆ.

"ಗೊತ್ತಿತ್ತು ಬಿಡವಾ" ಎಂದಳು.

"ಯಾರು ಹೇಳಿದ್ರು?"

"ಯಾರ್ ಹೇಳಬೇಕು? ಎರಡು ತಿಂಗಳಾತು, ಮಧ್ಯಾಹ್ನ ಮೂರಕ್ಕ ಫೋನ್ ಮಾಡಿದ್ರೂ ಎತ್ತಾಕತ್ತೀ. ಹನ್ನೆರಡು ವರ್ಷದಾಗ ಒಂದ್ ದಿನಾನೂ ಎತ್ತಿರಲಿಲ್ಲ."

"ಮತ್ತ ಕೇಳಬೇಕಿಲ್ಲೇನವಾ?"

"ನೀ ಹೇಳತೀ ಅಂತ ಕಾಯಾಕತ್ತಿದ್ದೆ. ನೌಕರಿ ಕೊಡಾಕ ನನಗ ಬರ್ತೈತೇನು? ಪ್ರಾರ್ಥನಾ ಬರ್ತೈತಿ, ಅದನ್ನ ನೀ ಹೇಳದಿದ್ರೂ ಮಾಡಾಕತ್ತೇನಿ."

ಆಮೇಲೆ ಅಜ್ಜಿಯ ಕಾಲದ ಒಂದು ಮಾತು ನೆನಪಿಸಿದಳು. ನಮ್ಮ ಅಜ್ಜ ನೇಕಾರ. ಒಂದು ವರ್ಷ ನೂಲು ಸಿಗದೆ ಮಗ್ಗ ನಿಂತಿತ್ತು. ಹಬ್ಬಕ್ಕೆ ಕೊಬ್ಬರಿ ತರಲು ದುಡ್ಡಿರಲಿಲ್ಲ. ಅಜ್ಜಿ ಹುರಿದ ಪುಟಾಣಿ ಹಿಟ್ಟಿಗೆ ಬೆಲ್ಲ ಕಲಸಿ ಕರ್ಚಿಕಾಯಿ ತುಂಬಿದಳು. ಮನೆಗೆ ಹದಿನಾರೇ ಆದವು. ಹಬ್ಬದ ದಿನ ಅಜ್ಜಿ ಅದರಲ್ಲೇ ಎಂಟನ್ನು ಪಕ್ಕದ ಮನೆಗಳಿಗೆ ಬೀರಿದಳು. "ನಮ್ಮಲ್ಲೇ ಇಲ್ಲ, ಹಂಚತಾಳ" ಎಂದು ಅವ್ವ ಚಿಕ್ಕ ಹುಡುಗಿ, ಅತ್ತಿದ್ದಳಂತೆ. ಅಜ್ಜಿ ಅದಕ್ಕೆ ಉತ್ತರ ಕೊಡಲಿಲ್ಲ. ತಟ್ಟೆ ಕೊಟ್ಟು ಅವಳನ್ನೇ ಕಳಿಸಿದಳು. ವಾಪಸ್ ಬರುವಾಗ ತಟ್ಟೆ ಖಾಲಿ ಇರಲಿಲ್ಲ.

ಇದನ್ನು ಬರೆಯುವ ಹೊತ್ತಿಗೂ ನನಗೆ ಕೆಲಸ ಸಿಕ್ಕಿಲ್ಲ. ಒಂದು ಕಂಪನಿಯ ಎರಡು ಸುತ್ತು ಮುಗಿದಿವೆ, ಜನವರಿಯಲ್ಲಿ ತಿಳಿಸುತ್ತೇವೆ ಎಂದಿದ್ದಾರೆ. ಈಗಲೂ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಇಎಂಐ ತಾರೀಕು ನೆನಪಾಗುತ್ತದೆ. ಭಕ್ತಿ ಇದ್ದರೆ ಚಿಂತೆ ಇರುವುದಿಲ್ಲ ಎಂದು ನಾನು ಹೇಳಿದರೆ ನಂಬಬೇಡಿ. ಆದರೆ ಎಚ್ಚರವಾದಾಗ ಬಾಲ್ಕನಿಯಲ್ಲಿ ಕೆಂಪು ನಕ್ಷತ್ರ ಉರಿಯುತ್ತಿರುತ್ತದೆ, ಅದರ ಬೆಳಕು ಹಾಲ್ ತನಕ ಬಿದ್ದಿರುತ್ತದೆ. ಆ ರಾತ್ರಿ ಎಚ್ಚರವಿದ್ದವರಿಗೇ ಅಲ್ಲವೇ ಸುದ್ದಿ ತಲುಪಿದ್ದು ಎಂದುಕೊಂಡು, ಸ್ವಲ್ಪ ಹೊತ್ತು ಕೂತು, ಮತ್ತೆ ಮಲಗುತ್ತೇನೆ.

ಮುಂಬೈ, ಹೈದರಾಬಾದ್, ಚೆನ್ನೈ, ದಿಲ್ಲಿ, ಎಲ್ಲೇ ಇರಿ, ಯಾವ ದೇವರಿಗೇ ಕೈಮುಗಿಯಿರಿ, ನಿಮ್ಮ ಗುರುತಿನವರಲ್ಲಿ ಈ ವರ್ಷ ಸುಮ್ಮನಾಗಿಬಿಟ್ಟವರು ಒಬ್ಬರಾದರೂ ಇರುತ್ತಾರೆ. ಹಬ್ಬಕ್ಕೆ ಕರೆದರೆ ಏನಾದರೂ ನೆಪ ಹೇಳುವವರು. ಅವರಿಗೊಂದು ಫೋನ್ ಮಾಡಿ. ಬುದ್ಧಿಮಾತು ಬೇಡ. ಚಹಾ ನಾವೇ ತರುತ್ತೇವೆ ಅನ್ನಿ, ಸಾಕು. ಆ ಸುಮ್ಮನಾದವರು ನೀವೇ ಆಗಿದ್ದರೆ, ಒಬ್ಬರಿಗೆ ಹೇಳಿ. ಅವ್ವನಿಂದಲೇ ಶುರು ಮಾಡಿದರೆ ಒಳ್ಳೆಯದು, ಅವಳಿಗೆ ಹೇಗೂ ಗೊತ್ತಿರುತ್ತದೆ.

ನಾಳೆ ಮಗಳ ನಾಟಕ. ಹೆಗಲಿಗೆ ಹಾಕಿಕೊಳ್ಳಲು ಕುರುಬನ ಕಂಬಳಿ ಬೇಕಂತೆ, ಹುಡುಕುತ್ತಿದ್ದೇನೆ. ಅವಳಿಗೆ ಇರುವುದು ಒಂದೇ ಮಾತು. ಬೆತ್ಲೆಹೇಮಿಗೆ ಹೋಗಿ ನೋಡೋಣ ಬನ್ನಿ ಎಂಬರ್ಥದ್ದು. ಒಂದು ವಾರದಿಂದ ಮನೆಯ ಪ್ರತಿ ಕೋಣೆಯಲ್ಲೂ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದಾಳೆ.

ಎಲ್ಲರಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು.